ಬುಗುರಿ ಮಗುಚಿದ ವಲಸಿಗ: ಇಸಿಡಾರ್ ರಾಬಿ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ಅಕ್ಕ ಕರೆ ಮಾಡಿದ್ದಳು. ಆಕೆಯ ಮಗ, ಎಂದರೆ ನನ್ನ ಸೋದರಳಿಯ, ಬೆಂಗಳೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಮುಗಿಸಿದ್ದಾನೆ. ಅವನ ಕೈಯಲ್ಲಿ ಎರಡು ಪತ್ರಗಳಿದ್ದವು. ಒಂದು ಸಾಫ್ಟ್‌ವೇರ್ ಕಂಪನಿಯ ನೇಮಕಾತಿ ಪತ್ರ; ಇನ್ನೊಂದು ಯೂರೋಪಿನ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಮಾಡಲು ಬಂದ ಆಹ್ವಾನ. ಸಂಶೋಧನೆಯ ವಿಷಯ, ಇಲೆಕ್ಟ್ರಾನಿನ ಸ್ಪಿನ್ ಸ್ಥಿತಿಯನ್ನು ಅತಿ ವೇಗವಾಗಿ ಮತ್ತು ಅತಿ ನಿಖರವಾಗಿ ನಿಯಂತ್ರಿಸುವುದು. ಇದರಿಂದ ಯಾರಿಗೆ ಏನು ಉಪಯೋಗ, ಇದನ್ನು ಓದಿದವನಿಗೆ ಮುಂದೆ ಕೆಲಸ ಸಿಕ್ಕೀತೇ ಎಂದು ಅಕ್ಕ ಕೇಳಿದಳು. ನಮ್ಮ ಮನೆಯವರಲ್ಲಿ ದೇಶ ಬಿಟ್ಟು ಬಂದವನು ನಾನೊಬ್ಬನೇ ಆದ್ದರಿಂದ ಇಂತಹ ಪ್ರಶ್ನೆಗಳು ನನ್ನ ಬಳಿಗೇ ಬರುತ್ತವೆ. ಹೆಚ್ಚು ಯೋಚಿಸದೆ, ಕೈಗೆ ಬಂದ ಕೆಲಸವನ್ನು ಬಿಡಬಾರದೆಂದು ಹೇಳಿ ಮಾತು ಮುಗಿಸಿದೆ.

ಮರುದಿನ ನ್ಯೂಜೆರ್ಸಿಯ ನನ್ನ ಆಸ್ಪತ್ರೆಯಲ್ಲಿ, ಬೆಳಿಗ್ಗೆ ಎದ್ದಾಗ ಮಾತು ತೊದಲಿದ್ದ ರೋಗಿಯೊಬ್ಬರ ಮಿದುಳಿನ ಎಂಆರ್‌ಐ ಚಿತ್ರಗಳನ್ನು ನೋಡುತ್ತ ಕುಳಿತಿದ್ದೆ. ಆಗ ನನ್ನ ಸಲಹೆಯ ಬಗ್ಗೆ ನನಗೇ ನಾಚಿಕೆಯಾಯಿತು. ಆ ಕಪ್ಪು ಬಿಳುಪಿನ ಚಿತ್ರದ ಒಂದೊಂದು ಚುಕ್ಕೆಯೂ ಸ್ಪಿನ್ನನ್ನು ಬೇಕಾದಾಗ ಬೇಕಾದಷ್ಟೇ ತಿರುಗಿಸಲು ಮನುಷ್ಯ ಕಲಿತದ್ದರ ಫಲ. ವೃತ್ತಿಜೀವನವಿಡೀ ಆ ವಿದ್ಯೆಯ ಅನ್ನವನ್ನು ಉಂಡ ನಾನು, ಅದರಿಂದ ಏನು ಉಪಯೋಗವೆಂದು ಸ್ವಂತ ಅಕ್ಕ ಕೇಳಿದಾಗ ಉತ್ತರವನ್ನೇ ಕೊಟ್ಟಿರಲಿಲ್ಲ.

ಆ ವಿದ್ಯೆಗೆ ಮೂಲಸೂತ್ರವನ್ನು ಬರೆದುಕೊಟ್ಟವರು ಒಬ್ಬ ವಲಸಿಗರು. ಅವರ ಹೆಸರು ಇಸಿಡಾರ್ ಐಸಾಕ್ ರಾಬಿ. ಅಳಿಯನಿಗೆಂದು ಅವರ ಬದುಕಿನ ಬಗ್ಗೆ ಟಿಪ್ಪಣಿ ಬರೆಯತೊಡಗಿದೆ. ಅದನ್ನೇ ಇಲ್ಲಿ ವಿಸ್ತರಿಸಿದ್ದೇನೆ. ವಿದೇಶಕ್ಕೆ ಹೊರಡಲು ಸಿದ್ಧರಾಗುತ್ತಿರುವ ಮಕ್ಕಳಿಗೂ, ಅವರನ್ನು ಕಳುಹಿಸಬೇಕೋ ಬೇಡವೋ ಎಂದು ರಾತ್ರಿ ನಿದ್ದೆಗೆಡುವ ತಂದೆತಾಯಿಯರಿಗೂ ಇದು ಉಪಯೋಗವಾದೀತು.

ರಾಬಿ ಹುಟ್ಟಿದ್ದು 1898ರ ಜುಲೈ 29ರಂದು, ರಿಮಾನೂವ್ ಎಂಬ ಸಣ್ಣ ಊರಿನಲ್ಲಿ. ಆಗ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದ ಗಲೀಶಿಯಾ ಪ್ರಾಂತಕ್ಕೆ ಸೇರಿದ್ದ ಆ ಊರು ಈಗ ಪೋಲೆಂಡಿನಲ್ಲಿದೆ. ಅವರದು ಬಡ, ಸಂಪ್ರದಾಯಸ್ಥ ಯಹೂದಿ ಕುಟುಂಬ. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲೇ ತಂದೆ ಡೇವಿಡ್ ಒಬ್ಬರೇ ಅಮೆರಿಕಕ್ಕೆ ಹೊರಟರು. ಕೆಲವು ತಿಂಗಳ ಬಳಿಕ ತಾಯಿ ಶೈಂಡೆಲ್ ಎಳೆಗೂಸನ್ನು ಎತ್ತಿಕೊಂಡು ಸಮುದ್ರ ದಾಟಿ ಗಂಡನನ್ನು ಸೇರಿದರು. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಕಿಕ್ಕಿರಿದ ಕೇರಿಯಲ್ಲಿ ಎರಡು ಕೋಣೆಗಳ ಮನೆ. ಮನೆಯೊಳಗೆ ಯಿಡ್ಡಿಷ್ ಭಾಷೆ. ತಂದೆಗೆ ಸಿಕ್ಕ ಕೂಲಿ ಕೆಲಸ. ವಲಸೆಯ ಕಥೆಗಳಲ್ಲಿ ಮೊದಲು ಒಬ್ಬರು ಹೋಗುವುದು, ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಎಂಬ ಕ್ರಮ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ.

ಅವರ ಹೆಸರಿಗೂ ಒಂದು ವಲಸೆಯ ಕಥೆಯಿದೆ. ತಂದೆತಾಯಿ ಇಟ್ಟ ಹೆಸರು ಇಸ್ರೇಲ್ ಐಸಾಕ್. ಮನೆಯಲ್ಲಿ ಕರೆಯುತ್ತಿದ್ದದ್ದು ಇಝಿ ಎಂದು. ಶಾಲೆಗೆ ಸೇರಿಸುವಾಗ ತಾಯಿ ಮುದ್ದಿನ ಹೆಸರನ್ನೇ ಹೇಳಿದರು; ಶಾಲೆಯವರು ಅದು ಇಸಿಡಾರ್ ಎಂಬುದರ ಮೊಟಕು ರೂಪವೆಂದು ಊಹಿಸಿ ಹಾಗೆಯೇ ಬರೆದುಕೊಂಡರು. ಮುಂದೆ ಜಗತ್ತು ಅವರನ್ನು ಗುರುತಿಸಿದ್ದು ಆ ಹೆಸರಿನಿಂದಲೇ. ನಾನು ಈ ದೇಶಕ್ಕೆ ಬಂದಾಗ ಗುಮಾಸ್ತರೊಬ್ಬರು ನನ್ನ ತಂದೆಯ ಹೆಸರನ್ನು ಕುಲನಾಮವೆಂದು ತಿಳಿದು ಬರೆದುಕೊಂಡರು. ಅಂದಿನಿಂದ ಇಲ್ಲಿನ ರೋಗಿಗಳು ನನ್ನನ್ನು ಕರೆಯುವುದು ನನ್ನ ತಂದೆಯ ಹೆಸರಿನಿಂದ. ಮೊದಲು ಬೇಸರವಾಗುತ್ತಿತ್ತು. ತಂದೆ ತೀರಿಕೊಂಡ ಮೇಲೆ ಆ ಬೇಸರ ಹೋಯಿತು.

1907ರಲ್ಲಿ ಕುಟುಂಬ ಬ್ರೂಕ್ಲಿನ್ನಿನ ಬ್ರೌನ್ಸ್‌ವಿಲ್ ಬಡಾವಣೆಗೆ ಸ್ಥಳಾಂತರಗೊಂಡು ಒಂದು ಸಣ್ಣ ಕಿರಾಣಿ ಅಂಗಡಿ ತೆರೆಯಿತು. ಅಲ್ಲಿನ ಸಾರ್ವಜನಿಕ ಗ್ರಂಥಾಲಯವೇ ಹುಡುಗನ ನಿಜವಾದ ಶಾಲೆಯಾಯಿತು. ಖಗೋಳಶಾಸ್ತ್ರದ ಒಂದು ಪುಟ್ಟ ಪುಸ್ತಕದಲ್ಲಿ ಗ್ರಹಗಳು ಸೂರ್ಯನನ್ನು ಸುತ್ತುವ ವಿವರಣೆಯನ್ನು ಓದಿದ ಹುಡುಗ, ಇಷ್ಟು ಸರಳವಾಗಿ ಎಲ್ಲವೂ ನಡೆಯುವುದಾದರೆ ದೇವರ ಅಗತ್ಯವೇನೆಂದು ಮನೆಗೆ ಬಂದು ತಂದೆತಾಯಿಯರನ್ನು ಕೇಳಿದನಂತೆ. ಮೂರು ಹೊತ್ತೂ ದೇವರ ಸ್ಮರಣೆಯಲ್ಲಿದ್ದ ಆ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಹದಿಮೂರನೆಯ ವಯಸ್ಸಿಗೆ ಯಹೂದಿ ಹುಡುಗರಿಗೆ ನಡೆಯುವ ಬಾರ್ ಮಿಟ್ಸ್‌ವಾ ಸಂಸ್ಕಾರ, ನಮ್ಮಲ್ಲಿನ ಉಪನಯನವನ್ನು ನೆನಪಿಸುವಂತಹದು. ರಾಬಿಯ ವಿಷಯದಲ್ಲಿ ಅದು ಮನೆಯಲ್ಲೇ ನಡೆಯಿತು. ಆ ದಿನ ಹುಡುಗ ಬಂಧುಗಳ ಮುಂದೆ ಯಿಡ್ಡಿಷ್ ಭಾಷೆಯಲ್ಲಿ ಮಾಡಿದ ಭಾಷಣದ ವಿಷಯ ಧರ್ಮಗ್ರಂಥವಲ್ಲ; ವಿದ್ಯುದ್ದೀಪ ಹೇಗೆ ಉರಿಯುತ್ತದೆ ಎಂಬುದು. ತಂದೆತಾಯಿ ನೊಂದಿರಬಹುದು, ಆದರೆ ಮಗನ ಬಾಯಿ ಮುಚ್ಚಿಸಲಿಲ್ಲ. ಶಾಲೆಯಿಂದ ಬಂದ ಮಗನನ್ನು ತಾಯಿ ಕೇಳುತ್ತಿದ್ದದ್ದು ಇಂದು ಏನು ಕಲಿತೆ ಎಂದಲ್ಲ, ಒಳ್ಳೆಯ ಪ್ರಶ್ನೆ ಏನಾದರೂ ಕೇಳಿದೆಯಾ ಎಂದು. ತಾನು ವಿಜ್ಞಾನಿಯಾದದ್ದಕ್ಕೆ ಆ ಒಂದು ರೂಢಿಯೇ ಕಾರಣವೆಂದು ರಾಬಿ ವೃದ್ಧಾಪ್ಯದಲ್ಲಿ ನೆನೆಯುತ್ತಿದ್ದರು.

1916ರಲ್ಲಿ ವಿದ್ಯಾರ್ಥಿವೇತನದ ಬಲದಿಂದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ ರಾಬಿ ಮೊದಲು ಆರಿಸಿಕೊಂಡದ್ದು ವಿದ್ಯುತ್ ಎಂಜಿನಿಯರಿಂಗ್. ಅದು ಹಿಡಿಸದೆ ರಸಾಯನಶಾಸ್ತ್ರಕ್ಕೆ ಬದಲಾಯಿಸಿಕೊಂಡು 1919ರಲ್ಲಿ ಪದವಿ ಪಡೆದರು. ಆದರೆ ಅಂದಿನ ಅಮೆರಿಕದಲ್ಲಿ ರಾಸಾಯನಿಕ ಉದ್ಯಮದ ಬಾಗಿಲೂ ವಿಶ್ವವಿದ್ಯಾಲಯಗಳ ಬಾಗಿಲೂ ಯಹೂದಿಗಳಿಗೆ ಬಹುಮಟ್ಟಿಗೆ ಮುಚ್ಚಿದ್ದವು. ಮೂರು ವರ್ಷಗಳ ಕಾಲ ಅವರು ಎಲ್ಲಿಯೂ ನೆಲೆ ನಿಲ್ಲಲಿಲ್ಲ. ಸ್ವಲ್ಪ ದಿನ ಪ್ರಯೋಗಾಲಯದ ಕೆಲಸ, ಸ್ವಲ್ಪ ದಿನ ಲೆಕ್ಕ ಬರೆಯುವ ಕೆಲಸ. ಇಂದು ನಮ್ಮ ಮಕ್ಕಳು ಪದವಿಯ ನಂತರ ಒಂದು ವರ್ಷ ಮನೆಯಲ್ಲಿ ಕುಳಿತರೆ ಬಂಧುಗಳು ಆಡುವ ಮಾತುಗಳು ನಮಗೆ ಗೊತ್ತು. ರಾಬಿಯ ಮನೆಯಲ್ಲೂ ಅಂತಹ ಮಾತುಗಳು ಕೇಳಿಬಂದಿರಬೇಕು.

1922ರಲ್ಲಿ ಅವರು ಮತ್ತೆ ಓದಲು ಹೋದರು, ಈ ಬಾರಿ ಭೌತಶಾಸ್ತ್ರಕ್ಕೆ. ತಾನು ರಸಾಯನಶಾಸ್ತ್ರದಲ್ಲಿ ಇಷ್ಟಪಟ್ಟ ಭಾಗದ ನಿಜವಾದ ಹೆಸರು ಭೌತಶಾಸ್ತ್ರವೆಂದು ಅವರಿಗೆ ಅರಿವಾಗಿತ್ತು. ಮರುವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಅದಕ್ಕೆ ಹೆಲೆನ್ ನ್ಯೂಮಾರ್ಕ್ ಎಂಬ ತರುಣಿ ಆ ನಗರದಲ್ಲಿದ್ದದ್ದೂ ಒಂದು ಕಾರಣ. ಹೊಟ್ಟೆಪಾಡಿಗೆ ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತ ಸಂಶೋಧನೆ ನಡೆಸಿದರು. ಹರಳುಗಳು ಕಾಂತಕ್ಷೇತ್ರದಲ್ಲಿ ಹೇಗೆ ವರ್ತಿಸುತ್ತವೆಂದು ಅಳೆಯುವುದು ಅವರ ವಿಷಯ. ಹಳೆಯ ವಿಧಾನದಲ್ಲಿ ಕ್ಷೇತ್ರದ ಬಲವನ್ನು ಅಂಗುಲ ಅಂಗುಲವಾಗಿ ಅಳೆಯಬೇಕಿತ್ತು. ರಾಬಿ ಹರಳನ್ನು ಒಂದು ದ್ರಾವಣದಲ್ಲಿ ಇಳಿಬಿಟ್ಟು, ಕಾಂತದ ಸೆಳೆತಕ್ಕೆ ಹರಳು ಅಲುಗದಿರುವಷ್ಟು ಹದಕ್ಕೆ ದ್ರಾವಣವನ್ನು ತಂದರು. ಆಗ ಹರಳಿನ ಗುಣವೂ ದ್ರಾವಣದ ಗುಣವೂ ಸಮ. ದ್ರಾವಣವನ್ನು ಅಳೆಯುವುದು ಸುಲಭ. ಬಹುಕಾಲ ಹಿಡಿಯಬಹುದಾಗಿದ್ದ ಅಳತೆಗಳು ಕೆಲವೇ ವಾರಗಳಲ್ಲಿ ಮುಗಿದವು. 1926ರಲ್ಲಿ ಪ್ರಬಂಧ ಸಲ್ಲಿಸಿ ಅದೇ ವರ್ಷ ಹೆಲೆನ್ ಅವರನ್ನು ಮದುವೆಯಾದರು.

ಆಗ ಕ್ವಾಂಟಮ್ ಸಿದ್ಧಾಂತ ಯೂರೋಪಿನಲ್ಲಿ ಹುಟ್ಟುತ್ತಿತ್ತು. ಕಲಿಯಬೇಕಾದರೆ ಅಲ್ಲಿಗೇ ಹೋಗಬೇಕು. 1927ರಲ್ಲಿ ಒಂದು ಫೆಲೋಶಿಪ್ ಹಿಡಿದು ಹೊರಟ ರಾಬಿ ಎರಡು ವರ್ಷ ಮ್ಯೂನಿಕ್, ಕೋಪನ್‌ಹೇಗನ್, ಹ್ಯಾಂಬರ್ಗ್, ಲೈಪ್‌ಜಿಗ್, ಜೂರಿಕ್ ನಗರಗಳಲ್ಲಿ ಸೊಮರ್‌ಫೆಲ್ಡ್, ಬೋರ್, ಪೌಲಿ, ಸ್ಟರ್ನ್, ಹೈಸನ್‌ಬರ್ಗ್ ಅವರ ನೆರಳಿನಲ್ಲಿ ಕಳೆದರು. ಅಮೆರಿಕದ ಭೌತಶಾಸ್ತ್ರಕ್ಕೆ ಅಲ್ಲಿ ಬೆಲೆಯಿರಲಿಲ್ಲ. ಹ್ಯಾಂಬರ್ಗಿನ ಗ್ರಂಥಾಲಯ ಅಮೆರಿಕದ ಫಿಸಿಕಲ್ ರಿವ್ಯೂ ಪತ್ರಿಕೆಯನ್ನು ತಿಂಗಳು ತಿಂಗಳಿಗೆ ತರಿಸದೆ ವರ್ಷಕ್ಕೊಮ್ಮೆ ಒಟ್ಟಿಗೆ ತರಿಸಿಕೊಳ್ಳುತ್ತಿತ್ತು; ಬಿಡಿ ಸಂಚಿಕೆಗಳ ಅಂಚೆವೆಚ್ಚಕ್ಕೂ ಅದು ತಕ್ಕುದಲ್ಲವೆಂಬ ಭಾವನೆ. ಈ ಅವಮಾನ ರಾಬಿಯನ್ನು ಆಳವಾಗಿ ತಾಕಿತು. ಮರಳಿದ ಮೇಲೆ ಈ ಸ್ಥಿತಿಯನ್ನು ಬದಲಿಸಬೇಕೆಂದು ಅವರೂ ಅವರ ತಲೆಮಾರಿನ ಅಮೆರಿಕನ್ ಗೆಳೆಯರೂ ನಿಶ್ಚಯಿಸಿದರು. ಹೊರಗೆ ಹೋದದ್ದು ಕಲಿಯಲು, ಕಲಿತದ್ದು ಮರಳಿ ಬಂದು ಕಟ್ಟಲು.

ಹ್ಯಾಂಬರ್ಗಿನಲ್ಲಿ ಆಟೊ ಸ್ಟರ್ನ್ ಅವರ ಪ್ರಯೋಗಾಲಯವೇ ರಾಬಿಯ ಬದುಕಿನ ತಿರುವು. 1922ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸ್ಟರ್ನ್ ಮತ್ತು ಗರ್ಲಾಕ್ ಬೆಳ್ಳಿಯ ಪರಮಾಣುಗಳ ತೆಳುಧಾರೆಯನ್ನು ಅಸಮ ಕಾಂತಕ್ಷೇತ್ರದ ಮೂಲಕ ಹಾಯಿಸಿದ್ದರು. ಧಾರೆ ಹರಡಿಕೊಂಡು ಅಗಲವಾಗುವ ಬದಲು ಎರಡಾಗಿ ಸೀಳಿತ್ತು. ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ, ಆದರೆ ಅಳೆದಾಗ ಅದು ಮೇಲ್ಮುಖವಾಗಿ ಅಥವಾ ಕೆಳಮುಖವಾಗಿ ಮಾತ್ರ ಸಿಗುತ್ತದೆ. ಈ ಗುಣದ ಮೂಲವೇ ಸ್ಪಿನ್, ಎಂದರೆ ಗಿರಕಿ. ಕಣ ನಿಜಕ್ಕೂ ಬುಗುರಿಯಂತೆ ಸುತ್ತುತ್ತದೆಂದು ಇದರ ಅರ್ಥವಲ್ಲ. ಆದರೂ ವಿಷಯವನ್ನು ತಿಳಿಯಲು ಬುಗುರಿಯಷ್ಟು ಒಳ್ಳೆಯ ಹೋಲಿಕೆ ಬೇರೊಂದಿಲ್ಲ.

1929ರಲ್ಲಿ ಹೈಸನ್‌ಬರ್ಗ್ ಅವರ ಶಿಫಾರಸಿನ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯ ರಾಬಿಗೆ ಉಪನ್ಯಾಸಕ ಹುದ್ದೆ ಕೊಟ್ಟಿತು. ಸಂಬಳ ವರ್ಷಕ್ಕೆ 3,000 ಡಾಲರ್. ಅಲ್ಲಿಯವರೆಗೆ ಆ ಭೌತಶಾಸ್ತ್ರ ವಿಭಾಗದಲ್ಲಿ ಯಹೂದಿ ಅಧ್ಯಾಪಕರಿರಲಿಲ್ಲ. ತರಗತಿಯಲ್ಲಿ ಅವರ ಪಾಠ ಚೆನ್ನಾಗಿರುತ್ತಿರಲಿಲ್ಲವೆಂದು ಅವರ ಶಿಷ್ಯರೇ ಹೇಳಿದ್ದಾರೆ. ಆದರೆ ಪ್ರಯೋಗಾಲಯದಲ್ಲಿ ಅವರ ಸುತ್ತ ಒಂದು ಗುರುಕುಲವೇ ಬೆಳೆಯಿತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಉಪಕರಣಗಳಿಗೆ ಹಣವಿರಲಿಲ್ಲ. ಸಹೋದ್ಯೋಗಿ ಹೆರಾಲ್ಡ್ ಯೂರಿ ತಮಗೆ ಬಂದ ಅನುದಾನದ ಒಂದು ಪಾಲನ್ನು ರಾಬಿಗೆ ಕೊಟ್ಟು ಕೆಲಸ ನಡೆಯುವಂತೆ ಮಾಡಿದರು.

ಪರಮಾಣುವಿನ ನ್ಯೂಕ್ಲಿಯಸ್ಸಿಗೂ ಸ್ಪಿನ್ ಇದೆ, ಅದೂ ಒಂದು ಅಯಸ್ಕಾಂತ. ಆದರೆ ಇಲೆಕ್ಟ್ರಾನಿನ ಕಾಂತಶಕ್ತಿಯ ಸಾವಿರದಲ್ಲಿ ಒಂದು ಪಾಲಿನಷ್ಟು ದುರ್ಬಲ. ಅದನ್ನು ನಿಖರವಾಗಿ ಅಳೆಯುವುದು ರಾಬಿ ತಮಗೆ ತಾವೇ ಹಾಕಿಕೊಂಡ ಪ್ರಶ್ನೆ. ಓರೆಯಾಗಿ ಸುತ್ತುವ ಬುಗುರಿಯನ್ನು ನೆನಪಿಸಿಕೊಳ್ಳಿ. ಅದು ತನ್ನ ಸುತ್ತ ತಿರುಗುವುದಲ್ಲದೆ, ಅದರ ತಲೆ ನಿಧಾನವಾಗಿ ಇನ್ನೊಂದು ವೃತ್ತವನ್ನೂ ಬರೆಯುತ್ತದೆ. ಕಾಂತಕ್ಷೇತ್ರದಲ್ಲಿ ಸ್ಪಿನ್ ಕೂಡ ಹಾಗೆಯೇ ತಲೆಯಾಡಿಸುತ್ತದೆ. ಎಷ್ಟು ವೇಗದಲ್ಲಿ ಎಂಬುದು ಕ್ಷೇತ್ರದ ಬಲವನ್ನೂ ಆ ಕಣದ ಸ್ವಭಾವವನ್ನೂ ಅವಲಂಬಿಸಿದೆ. 1937ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಲೇಖನದಲ್ಲಿ ರಾಬಿ, ಸ್ಥಿರ ಕ್ಷೇತ್ರದ ಜೊತೆಗೆ ಸುತ್ತುವ ಇನ್ನೊಂದು ದುರ್ಬಲ ಕ್ಷೇತ್ರವನ್ನು ಸೇರಿಸಿದರೆ ಸ್ಪಿನ್‌ಗೆ ಏನಾಗುತ್ತದೆಂದು ಲೆಕ್ಕ ಹಾಕಿದರು.

ಉತ್ತರವನ್ನು ತೊಟ್ಟಿಲು ತೂಗಿದ ಯಾವ ತಾಯಿಯೂ ಅರ್ಥಮಾಡಿಕೊಳ್ಳಬಲ್ಲಳು. ತೊಟ್ಟಿಲಿನ ಲಯಕ್ಕೆ ಸರಿಯಾಗಿ ತಳ್ಳಿದರೆ ಬೆರಳ ತುದಿಯ ಬಲ ಸಾಕು. ಲಯ ತಪ್ಪಿದರೆ ಎಷ್ಟು ತಳ್ಳಿದರೂ ವ್ಯರ್ಥ. ಸುತ್ತುವ ಕ್ಷೇತ್ರದ ಲಯ ಸ್ಪಿನ್ನಿನ ಲಯಕ್ಕೆ ಹೊಂದಿದಾಗ ಸ್ಪಿನ್ ಮೆಲ್ಲನೆ ಮಗುಚಿ ತಲೆಕೆಳಗಾಗುತ್ತದೆ. ಇದೇ ಅನುರಣನ. ಆದರೆ ತೊಟ್ಟಿಲಿಗಿಲ್ಲದ ಒಂದು ವಿಚಿತ್ರ ಗುಣ ಇಲ್ಲಿದೆ. ಮಗುಚಿದ ಮೇಲೂ ತಳ್ಳುತ್ತಲೇ ಇದ್ದರೆ ಸ್ಪಿನ್ ಮತ್ತೆ ಎದ್ದು ಮೊದಲಿನ ಸ್ಥಿತಿಗೇ ಮರಳುತ್ತದೆ. ಮತ್ತೆ ಮಗುಚುತ್ತದೆ, ಮತ್ತೆ ಏಳುತ್ತದೆ. ಇಂದು ರಾಬಿ ಆಂದೋಲನವೆಂದು ಹೆಸರಾದದ್ದು ಇದೇ. ಆದ್ದರಿಂದ ಎಷ್ಟು ಬಲ, ಎಷ್ಟು ಹೊತ್ತು ಎಂಬೆರಡನ್ನೂ ಕರಾರುವಾಕ್ಕಾಗಿ ತಿಳಿದಿರಬೇಕು. ವೈದ್ಯನಾದ ನನಗೆ ಇದು ಪರಿಚಿತ ಮಾತು. ಔಷಧವಾಗುವುದೂ ವಿಷವಾಗುವುದೂ ಪ್ರಮಾಣದಿಂದ, ಅವಧಿಯಿಂದ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಡಚ್ ವಿಜ್ಞಾನಿ ಗೊರ್ಟರ್ ಕೊಲಂಬಿಯಾಕ್ಕೆ ಬಂದು, ಘನವಸ್ತುಗಳಲ್ಲಿ ಇಂತಹ ಅನುರಣನವನ್ನು ಕಾಣಲು ತಾನು ಪ್ರಯತ್ನಿಸಿ ಸೋತ ಬಗೆಯನ್ನು ವಿವರಿಸಿದರು. ರಾಬಿಯ ತಂಡ ಕೂಡಲೇ ತನ್ನ ಉಪಕರಣವನ್ನು ಮಾರ್ಪಡಿಸಿತು. ನಿರ್ವಾತದ ಉದ್ದನೆಯ ಕೊಳವೆಯಲ್ಲಿ ಸಾಲಾಗಿ ಮೂರು ಕಾಂತಗಳು. ಮೊದಲನೆಯದು ಅಣುಗಳ ಧಾರೆಯನ್ನು ಒಂದು ಪಕ್ಕಕ್ಕೆ ಬಾಗಿಸುತ್ತದೆ, ಮೂರನೆಯದು ಅದನ್ನು ಸರಿಯಾಗಿ ಹಿಂದಕ್ಕೆ ತಂದು ಗುರಿ ಮುಟ್ಟಿಸುತ್ತದೆ. ನಡುವಿನ ಕಾಂತದ ಬಳಿ ಕಂಪಿಸುವ ದುರ್ಬಲ ಕ್ಷೇತ್ರ. ಲಯ ಹೊಂದಿ ನಡುದಾರಿಯಲ್ಲಿ ಸ್ಪಿನ್ ಮಗುಚಿದರೆ ಆ ಅಣು ಮೂರನೆಯ ಕಾಂತದಲ್ಲಿ ದಾರಿ ತಪ್ಪುತ್ತದೆ, ಗುರಿಯಲ್ಲಿ ಎಣಿಕೆ ಥಟ್ಟನೆ ಕುಸಿಯುತ್ತದೆ. ಎಲ್ಲಿ ಕುಸಿಯಿತೆಂದು ನೋಡಿದರೆ ನ್ಯೂಕ್ಲಿಯಸ್ಸಿನ ಕಾಂತಗುಣ ತಿಳಿಯುತ್ತದೆ. 1938ರ ಆರಂಭದಲ್ಲಿ ಲಿಥಿಯಂ ಕ್ಲೋರೈಡ್ ಅಣುಗಳ ಮೇಲಿನ ಈ ಪ್ರಯೋಗವನ್ನು ರಾಬಿ, ಜಕಾರಿಯಸ್, ಮಿಲ್‌ಮನ್ ಮತ್ತು ಕುಶ್ ಪ್ರಕಟಿಸಿದರು. ಮನುಷ್ಯ ಮೊದಲ ಬಾರಿಗೆ ನ್ಯೂಕ್ಲಿಯಸ್ಸಿನ ಸ್ಪಿನ್ನನ್ನು ತನಗೆ ಬೇಕಾದ ಲಯದಲ್ಲಿ ಮಗುಚಿದ್ದ. ಇದರಿಂದ ಯಾವ ಉಪಯೋಗವೂ ಆಗ ಯಾರ ಕಣ್ಣಿಗೂ ಕಂಡಿರಲಿಲ್ಲ.

ಅಷ್ಟರಲ್ಲಿ ಯೂರೋಪ್ ಕತ್ತಲಿಗಿಳಿದಿತ್ತು. ಗುರು ಸ್ಟರ್ನ್ 1933ರಲ್ಲೇ ಜರ್ಮನಿ ಬಿಟ್ಟು ಅಮೆರಿಕ ಸೇರಿದ್ದರು. ಯುದ್ಧ ಹಬ್ಬಿದಾಗ ರಾಬಿ ತಮ್ಮ ಸಂಶೋಧನೆಯನ್ನು ಬದಿಗಿಟ್ಟು 1940ರ ಕೊನೆಯಲ್ಲಿ ಎಂಐಟಿಯ ರೇಡಾರ್ ಪ್ರಯೋಗಾಲಯಕ್ಕೆ ಹೋದರು. ಪರಮಾಣು ಬಾಂಬಿನ ಕೆಲಸದಲ್ಲಿ ತಮ್ಮ ಕೈಕೆಳಗೆ ಎರಡನೆಯ ಸ್ಥಾನ ವಹಿಸಿಕೊಳ್ಳುವಂತೆ ಗೆಳೆಯ ಓಪನ್‌ಹೈಮರ್ ಕೇಳಿದಾಗ ರಾಬಿ ಒಪ್ಪಲಿಲ್ಲ. ಮೂರು ಶತಮಾನಗಳ ಭೌತಶಾಸ್ತ್ರದ ಫಲ ಸಾಮೂಹಿಕ ಹತ್ಯೆಯ ಅಸ್ತ್ರವಾಗುವುದು ಅವರಿಗೆ ಬೇಡವಾಗಿತ್ತು. ಯುದ್ಧ ಗೆಲ್ಲಲು ರೇಡಾರ್ ಮುಖ್ಯವೆಂಬ ನಂಬಿಕೆಯೂ ಇತ್ತು. ಸಲಹೆಗಾರರಾಗಿ ಮಾತ್ರ ಹೋಗಿಬಂದರು. 1944ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪುರಸ್ಕಾರ ಬಂತು. ಹಿಂದಿನ ವರ್ಷದ ಪುರಸ್ಕಾರವೂ ಆಗಲೇ ಘೋಷಣೆಯಾಯಿತು, ಅದು ಸಂದದ್ದು ಸ್ಟರ್ನ್ ಅವರಿಗೆ. ಗುರುಶಿಷ್ಯರಿಬ್ಬರೂ ವಲಸಿಗರು.

ಯುದ್ಧಾನಂತರ ರಾಬಿ ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಲೋಕವ್ಯವಹಾರಕ್ಕೆ ಇಳಿದರು. 1949ರಲ್ಲಿ ಅವರೂ ಫರ್ಮಿಯೂ ಸೇರಿ ಹೈಡ್ರೋಜನ್ ಬಾಂಬ್ ತಯಾರಿಕೆಯನ್ನು ನೈತಿಕ ನೆಲೆಯಲ್ಲೇ ವಿರೋಧಿಸಿ ಸರ್ಕಾರಕ್ಕೆ ಬರೆದರು. 1950ರಲ್ಲಿ ಫ್ಲಾರೆನ್ಸಿನಲ್ಲಿ ನಡೆದ ಯುನೆಸ್ಕೋ ಸಭೆಯಲ್ಲಿ ಅವರು ಮಂಡಿಸಿದ ಸಲಹೆ, ಯುದ್ಧದಿಂದ ಜರ್ಝರಿತವಾಗಿದ್ದ ಯೂರೋಪಿನ ದೇಶಗಳು ಒಟ್ಟುಗೂಡಿ ಸರ್ನ್ ಪ್ರಯೋಗಾಲಯವನ್ನು ಕಟ್ಟಲು ನೆರವಾಯಿತು. 1954ರಲ್ಲಿ ಓಪನ್‌ಹೈಮರ್ ಅವರ ದೇಶನಿಷ್ಠೆಯನ್ನು ಪ್ರಶ್ನಿಸಿ ವಿಚಾರಣೆ ನಡೆದಾಗ ಹಿಂಜರಿಯದೆ ಗೆಳೆಯನ ಪರ ಸಾಕ್ಷಿ ನುಡಿದರು. ಮರುವರ್ಷ ಜಿನೀವಾದಲ್ಲಿ ಪರಮಾಣು ಶಕ್ತಿಯ ಶಾಂತಿಯುತ ಬಳಕೆಗಾಗಿ ವಿಶ್ವಸಂಸ್ಥೆ ಕರೆದ ಸಮ್ಮೇಳನವನ್ನು ರೂಪಿಸಿದ ಸಮಿತಿಯಲ್ಲಿ ಅಮೆರಿಕದ ಪರವಾಗಿ ರಾಬಿಯೂ ಭಾರತದ ಪರವಾಗಿ ಹೋಮಿ ಭಾಭಾ ಅವರೂ ಇದ್ದರು; ಸಮ್ಮೇಳನದ ಅಧ್ಯಕ್ಷತೆ ಭಾಭಾ ಅವರದೇ. 1939ರಲ್ಲಿ ಯುದ್ಧದಿಂದಾಗಿ ಇಂಗ್ಲೆಂಡಿಗೆ ಮರಳಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದವರು ಈ ಭಾಭಾ. ಗಡಿಗಳು ತೆರೆದಾಗ ಮಾತ್ರವಲ್ಲ, ಮುಚ್ಚಿದಾಗಲೂ ವಿಜ್ಞಾನದ ದಾರಿ ತಿರುಗುತ್ತದೆ.

ಇನ್ನು ನನ್ನ ವೃತ್ತಿಗೆ ಬರುತ್ತೇನೆ. ರಾಬಿ ಮಗುಚಿದ್ದು ನಿರ್ವಾತದಲ್ಲಿ ಹಾರುವ ಅಣುಗಳ ಸ್ಪಿನ್‌ಗಳನ್ನು. ಯುದ್ಧಕಾಲದಲ್ಲಿ ರೇಡಾರ್ ಪ್ರಯೋಗಾಲಯದಲ್ಲಿ ರಾಬಿಯ ಜೊತೆಗಿದ್ದ ಎಡ್ವರ್ಡ್ ಪರ್ಸೆಲ್, ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡ್ ಸೇರಿದ್ದ ಫೆಲಿಕ್ಸ್ ಬ್ಲಾಕ್, 1946ರಲ್ಲಿ ಬೇರೆ ಬೇರೆಯಾಗಿ, ಮೇಣದಲ್ಲಿ ಮತ್ತು ನೀರಿನಲ್ಲಿ ಅದೇ ಅನುರಣನವನ್ನು ಕಂಡರು. ನೀರಿನಲ್ಲಿ ಕಂಡದ್ದನ್ನು ದೇಹದಲ್ಲೂ ಕಾಣಬಹುದು, ಏಕೆಂದರೆ ದೇಹದ ಹೆಚ್ಚಿನ ಪಾಲು ನೀರೇ. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಎಂಬ ವಿಜ್ಞಾನಿ, ನೀರು ಕೊಳವೆಯಲ್ಲಿ ಹರಿಯುವಾಗ ಈ ಸಂಕೇತ ಹೇಗೆ ಬದಲಾಗುತ್ತದೆಂದು ಪ್ರಯೋಗ ಮಾಡಿ ಪ್ರಕಟಿಸಿದರು. ರಕ್ತನಾಳಗಳಲ್ಲಿ ರಕ್ತದ ಹರಿವನ್ನು ಎಂಆರ್‌ಐ ಮೂಲಕ ಗುರುತಿಸುವ ವಿದ್ಯೆಯ ಬೇರುಗಳಲ್ಲಿ ಒಂದು ಹೀಗೆ ಬೆಂಗಳೂರಿನ ನೆಲದಲ್ಲಿದೆ. 1973ರಲ್ಲಿ ಪಾಲ್ ಲಾಟರ್ಬರ್ ಅನುರಣನದಿಂದ ಚಿತ್ರವನ್ನು ಮೂಡಿಸುವ ಬಗೆಯನ್ನು ತೋರಿಸಿಕೊಟ್ಟರು.

ಎಂಆರ್‌ಐ ಯಂತ್ರದೊಳಗೆ ಮಲಗಿದವರಿಗೆ ಗಡಗಡ ಸದ್ದು ಮಾತ್ರ ಕೇಳಿಸುತ್ತದೆ. ಒಳಗೆ ನಡೆಯುವುದು ರಾಬಿಯ ಲೆಕ್ಕವೇ. 1.5 ಟೆಸ್ಲಾ ಬಲದ ಕ್ಷೇತ್ರದಲ್ಲಿ ದೇಹದ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಸೆಕೆಂಡಿಗೆ ಸುಮಾರು 6.4 ಕೋಟಿ ಬಾರಿ ತಲೆಯಾಡಿಸುತ್ತವೆ. ಮೇಲ್ಮುಖದವುಗಳಿಗೂ ಕೆಳಮುಖದವುಗಳಿಗೂ ಸಂಖ್ಯೆಯಲ್ಲಿರುವ ಅಂತರ ಹತ್ತು ಲಕ್ಷಕ್ಕೆ ಐದರಷ್ಟು ಮಾತ್ರ; ಚಿತ್ರ ಮೂಡುವುದು ಆ ಅಲ್ಪ ಅಂತರದಿಂದ. ಅದೇ ಲಯದ ರೇಡಿಯೋ ಮಿಡಿತವೊಂದನ್ನು ಕೆಲವೇ ಮಿಲಿಸೆಕೆಂಡುಗಳ ಕಾಲ ಹಾಯಿಸಿ ಆ ಸ್ಪಿನ್‌ಗಳನ್ನು ಕರಾರುವಾಕ್ಕಾಗಿ 90 ಡಿಗ್ರಿ ವಾಲಿಸುತ್ತಾರೆ. ಮಿಡಿತದ ಬಲ ಹೆಚ್ಚಿಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಮೈ ಬಿಸಿಯಾಗುತ್ತದೆ. ಬಲ ಕಡಿಮೆ ಮಾಡಿದರೆ ನಿಧಾನವಾಗುತ್ತದೆ, ಅಷ್ಟರಲ್ಲಿ ಸಂಕೇತ ಮಂಕಾಗುತ್ತದೆ. ವೇಗಕ್ಕೂ ನಿಖರತೆಗೂ ನಡುವೆ ಹದ ಹುಡುಕುವುದೇ ಈ ವಿದ್ಯೆಯ ಸಾರ.

ಅಳಿಯ ಓದಲು ಹೊರಟಿರುವುದೂ ಇದನ್ನೇ, ಇನ್ನಷ್ಟು ಸೂಕ್ಷ್ಮವಾಗಿ. ಕ್ವಾಂಟಮ್ ಕಂಪ್ಯೂಟರಿನಲ್ಲಿ ಸಿಲಿಕಾನ್ ತುಣುಕಿನೊಳಗೆ ಬಂಧಿಸಿಟ್ಟ ಒಂದೇ ಒಂದು ಇಲೆಕ್ಟ್ರಾನಿನ ಸ್ಪಿನ್ ಗಣನೆಯ ಘಟಕವಾಗಬಲ್ಲದು. ಸುತ್ತಲಿನ ಗದ್ದಲದಿಂದ ಅದರ ಸ್ಥಿತಿ ಬೇಗ ಕೆಡುತ್ತದೆ, ಆದ್ದರಿಂದ ಅವಸರವಾಗಿ ತಿರುಗಿಸಬೇಕು. ಅವಸರದಲ್ಲಿ ಬಲವಾಗಿ ತಳ್ಳಿದರೆ ಪಕ್ಕದ ಸ್ಪಿನ್ ಕೂಡ ಅಲುಗುತ್ತದೆ. ಹಾಗಾಗಿ ಮಿಡಿತವನ್ನು ಥಟ್ಟನೆ ಆರಂಭಿಸಿ ಥಟ್ಟನೆ ನಿಲ್ಲಿಸದೆ, ನಯವಾಗಿ ಏರಿಸಿ ಇಳಿಸುತ್ತಾರೆ. ಒಂದು ತಿರುವು ಶೇ 99ರಷ್ಟು ಸರಿಯಾಗಿದ್ದರೆ ಸಾಲದೇ ಎಂದು ನಮಗನ್ನಿಸಬಹುದು. ಆದರೆ ಅಂತಹ 100 ತಿರುವುಗಳ ಬಳಿಕ ಎಲ್ಲವೂ ಸರಿಯಾಗಿರುವ ಸಾಧ್ಯತೆ ಸುಮಾರು ಶೇ 37 ಮಾತ್ರ. ನಿಖರತೆ ಶೇ 99.9 ಆದರೆ ಸಾವಿರ ತಿರುವುಗಳವರೆಗೆ ಹೋಗಬಹುದು. 2022ರಲ್ಲಿ ನೆದರ್ಲೆಂಡ್ಸ್, ಜಪಾನ್ ಮತ್ತು ಆಸ್ಟ್ರೇಲಿಯಾದ ತಂಡಗಳು ಸಿಲಿಕಾನಿನಲ್ಲಿ ಎರಡು ಸ್ಪಿನ್‌ಗಳನ್ನು ಜೊತೆಗೂಡಿಸುವ ಕ್ರಿಯೆಯನ್ನೂ ಶೇ 99ಕ್ಕಿಂತ ಹೆಚ್ಚಿನ ನಿಖರತೆಯಿಂದ ಮಾಡಿ ತೋರಿಸಿದವು. ಅವರ ಕೋಷ್ಟಕಗಳಲ್ಲಿ ಇಂದಿಗೂ ಕಾಣುವ ಹೆಸರು ರಾಬಿಯದು.

ಕೊನೆಯ ದಿನಗಳಲ್ಲಿ ರಾಬಿ ಕ್ಯಾನ್ಸರಿಗೆ ತುತ್ತಾದರು. ವೈದ್ಯರು ಅವರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಅದರ ಒಳಮೈ ಕನ್ನಡಿಯಂತೆ ಹೊಳೆಯುತ್ತಿತ್ತು, ಅದರಲ್ಲಿ ಅವರಿಗೆ ತಮ್ಮದೇ ಮುಖ ಕಂಡಿತು. ತಾವು ಮಾಡಿದ ಕೆಲಸ ಒಂದು ದಿನ ಇಲ್ಲಿಗೆ ಬಂದು ಮುಟ್ಟುವುದೆಂದು ಎಣಿಸಿರಲಿಲ್ಲವೆಂದು ಅವರು ಅಚ್ಚರಿಪಟ್ಟರಂತೆ. 1988ರ ಜನವರಿ 11ರಂದು, 89ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ತೀರಿಕೊಂಡರು.

ನಾನು ರೆಸಿಡೆನ್ಸಿ ಮಾಡಿದ್ದು ಬ್ರೂಕ್ಲಿನ್ನಿನಲ್ಲಿ, ಬ್ರೌನ್ಸ್‌ವಿಲ್‌ಗೆ ಹತ್ತಿರದಲ್ಲೇ. ರಾಬಿಯ ಕುಟುಂಬ ಬಂದ ಕಾಲಕ್ಕೆ ಬಾಗಿಲು ತೆರೆದಿತ್ತು. 1924ರ ವಲಸೆ ಕಾಯಿದೆ ಪೂರ್ವ ಯೂರೋಪಿನವರಿಗೆ ಅದನ್ನು ಬಹುಮಟ್ಟಿಗೆ ಮುಚ್ಚಿತು, ಏಷ್ಯಾದವರಿಗೆ ಹೆಚ್ಚುಕಡಿಮೆ ಪೂರ್ತಿಯಾಗಿ. ನಮ್ಮಂತಹವರಿಗೆ ಬಾಗಿಲು ತೆರೆದದ್ದು 1965ರ ಕಾಯಿದೆಯಿಂದ. ಆ ಎಳೆಗೂಸನ್ನು ತಾಯಿ ಎತ್ತಿಕೊಂಡು ಹೊರಡದಿದ್ದರೆ ಏನಾಗುತ್ತಿತ್ತೆಂದು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ರಿಮಾನೂವ್‌ನಲ್ಲಿ ಉಳಿದಿದ್ದ ಯಹೂದಿಗಳನ್ನು 1942ರಲ್ಲಿ ನಾಜಿಗಳು ಸಾವಿನ ಶಿಬಿರಕ್ಕೆ ಸಾಗಿಸಿದರು.

ನಮ್ಮ ವಲಸೆಗೆ ಅಂತಹ ಪ್ರಾಣಭಯದ ಕಾರಣವಿಲ್ಲ. ನಾವು ಹೊರಟದ್ದು ನಮ್ಮ ಆಯ್ಕೆಯಿಂದ, ತಂದೆತಾಯಿಯರನ್ನು ಹಿಂದೆ ಬಿಟ್ಟು. ಅಕ್ಕನ ಪ್ರಶ್ನೆಯ ಹಿಂದೆ ಇದ್ದ ಇನ್ನೊಂದು ಪ್ರಶ್ನೆಯನ್ನು ನಾನು ಅಂದು ಕೇಳಿಸಿಕೊಳ್ಳಲಿಲ್ಲ. ಎಂಟು ವರ್ಷಗಳ ಹಿಂದೆ ನಮ್ಮ ತಂದೆಗೆ ಪಾರ್ಶ್ವವಾಯು ಹೊಡೆದ ರಾತ್ರಿ ಆಸ್ಪತ್ರೆಯಲ್ಲಿ ಅವರ ಕೈ ಹಿಡಿದು ಕುಳಿತಿದ್ದವಳು ಅಕ್ಕ. ನಾನು ನೋಡಿದ್ದು ಆಕೆ ಮೊಬೈಲಿನಲ್ಲಿ ಕಳುಹಿಸಿದ ಎಂಆರ್‌ಐ ಚಿತ್ರಗಳನ್ನು. ಮಿದುಳಿನ ಎಡಭಾಗದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಮಚ್ಚೆಯನ್ನು ಕಂಡು, ಅಲ್ಲಿನ ವೈದ್ಯರು ಹೇಳುವ ಮೊದಲೇ, ಅಪ್ಪ ಇನ್ನು ಮಾತನಾಡಲಾರರೆಂದು ನನಗೆ ತಿಳಿಯಿತು. ವಿಮಾನ ಹಿಡಿದು ನಾನು ಊರು ತಲುಪುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಮಗ ಹೊರಟರೆ ತನ್ನ ಪಾಲಿಗೂ ಅಂತಹ ಒಂದು ರಾತ್ರಿ ಬಂದೀತೆಂಬುದು ಆಕೆಯ ಅಳಲು. ಅದಕ್ಕೆ ರಾಬಿಯ ಬದುಕಿನಲ್ಲಿ ಉತ್ತರವಿಲ್ಲ, ನನ್ನಲ್ಲೂ ಇಲ್ಲ.

ಈ ವಾರ ಅಕ್ಕನಿಗೆ ಮತ್ತೆ ಕರೆ ಮಾಡಿ, ಅಂದು ಕೊಟ್ಟ ಸಲಹೆಯನ್ನು ಹಿಂದಕ್ಕೆ ಪಡೆದೆ. ಪಿಎಚ್.ಡಿ.ಯ ವರ್ಷಗಳಲ್ಲಿ ಕೈಗೆ ಬರುವ ಹಣ ಕಡಿಮೆ, ಆಮೇಲೆ ನೌಕರಿಯೂ ವೀಸಾವೂ ಖಚಿತವಲ್ಲ, ರಾಬಿಯಂತೆ ಎಲ್ಲರಿಗೂ ಆಗುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಆದರೆ ಈ ವಿದ್ಯೆ ಯಾರಿಗೆ ಉಪಯೋಗವೆಂಬ ಪ್ರಶ್ನೆಗೆ, ಅಪ್ಪನ ಆ ಚಿತ್ರಗಳನ್ನು ನೆನಪಿಸಿದೆ. ಪ್ರಶ್ನೆ ಕೇಳುವ ಮಗನನ್ನು ತಡೆಯದ ಆ ಕಿರಾಣಿ ಅಂಗಡಿಯ ತಾಯಿಯ ಕಥೆಯನ್ನೂ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಅನಂತರ, ಮಗ ಹೋಗಬೇಕಾದ ಊರಿನಿಂದ ಬೆಂಗಳೂರಿಗೆ ಬರಲು ವಿಮಾನದಲ್ಲಿ ಎಷ್ಟು ಗಂಟೆ ಬೇಕೆಂದು ಕೇಳಿದಳು. ನಾನು ನೋಡಿ ಹೇಳಿದೆ. ಅಮೆರಿಕದಿಂದ ಬರುವುದಕ್ಕಿಂತ ಹತ್ತಿರವೇ ಎಂದು ತನ್ನಷ್ಟಕ್ಕೆ ಅಂದುಕೊಂಡು, ಫೋನನ್ನು ಮಗನ ಕೈಗೆ ಕೊಟ್ಟಳು.